ತಂತಿಗೆ ಚುಚ್ಚಿದ ಕಾರ್ಡು

ಆ ಸಾಹುಕಾರನನ್ನು ನಾನು ಇನ್ನೂ ಕ್ಷಮಿಸಿಲ್ಲ. ಎಷ್ಟೋ ವರ್ಷವಾಯಿತು, ಬಿಟ್ಟುಬಿಡಿ ಎಂದು ಬುದ್ಧಿ ಹೇಳಲು ಬಂದವರನ್ನು ಬಾಗಿಲಿನಿಂದಲೇ ಸಾಗಹಾಕಿದ್ದೇನೆ. ಹಳೆಯದಾದರೆ ಸಿಟ್ಟು ಆರುತ್ತದೆ ಎನ್ನುವವರು ಅದನ್ನು ಸರಿಯಾಗಿ ಕಾಪಾಡಿಕೊಂಡವರಲ್ಲ. ನಾನು ಅಂಚೆ ಕಚೇರಿಯಲ್ಲಿ ದುಡಿದವನು. ಬಂದದ್ದನ್ನು ಜೋಪಾನವಾಗಿಟ್ಟು, ಯಾರದ್ದೋ ಅದನ್ನು ಅವರಿಗೆ ಮುಟ್ಟಿಸುವುದು ನನ್ನ ಕಸುಬು.

ಎಪ್ಪತ್ತೊಂದರ ಕೊನೆಯಲ್ಲಿ ನಾನು ಸಿಂದಗಿ ಪೋಸ್ಟಾಫೀಸಿನಲ್ಲಿ ಗುಮಾಸ್ತನಾಗಿದ್ದೆ. ನನ್ನ ಊರು ಇಂಡಿ ತಾಲೂಕಿನ ಝಳಕಿ. ಬೆಳಿಗ್ಗೆ ವಿಜಾಪುರದ ಬಸ್ಸಿನಲ್ಲಿ ಟಪಾಲಿನ ಚೀಲ ಬರುತ್ತಿತ್ತು. ಅರಗಿನ ಮುದ್ರೆ ಸರಿಯಿದೆಯೇ ಎಂದು ನೋಡಿ, ದಾರ ಕತ್ತರಿಸಿ, ಚೀಲ ಸುರುವಿ, ಕಾಗದಗಳನ್ನು ಓಣಿಯಂತೆ ಹಳ್ಳಿಯಂತೆ ವಿಂಗಡಿಸಿ, ಬಂದ ದಿನದ ಮುದ್ರೆ ಒತ್ತಿ ಪೋಸ್ಟಮನ್ನರ ಕೈಗೆ ಕೊಡಬೇಕು. ಹತ್ತು ಗಂಟೆಗೆ ಕೌಂಟರು ತೆರೆದರೆ ಕಾರ್ಡು ಮಾರುವುದು, ಬರೆಯಲು ಬಾರದವರಿಗೆ ಬರೆದುಕೊಡುವುದು. ಬರೆದುಕೊಡುವುದು ನನ್ನ ಕೆಲಸವಲ್ಲ, ಆದರೂ ಮಾಡುತ್ತಿದ್ದೆ. ಆ ತಾಲೂಕಿನಲ್ಲಿ ಎಷ್ಟು ಮನೆಗಳ ಸುಖದುಃಖ ನನ್ನ ಅಕ್ಷರದಲ್ಲಿ ಹೋಗಿದೆಯೋ ಲೆಕ್ಕವಿಲ್ಲ.

ಆ ವರ್ಷ ಪೂರ್ವ ಬಂಗಾಳದಿಂದ ಲಕ್ಷಗಟ್ಟಲೆ ಜನ ಗಡಿ ದಾಟಿ ಓಡಿಬಂದರು. ಅವರ ಪರಿಹಾರಕ್ಕೆಂದು ಪ್ರತಿ ಕಾಗದಕ್ಕೂ ಇನ್ನೊಂದು ಐದು ಪೈಸೆಯ ಸ್ಟ್ಯಾಂಪು ಹಚ್ಚಬೇಕೆಂದು ಸರ್ಕಾರದ ಹುಕುಂ ಬಂತು. ಹೊಸ ಸ್ಟ್ಯಾಂಪು ಮುಟ್ಟುವವರೆಗೆ ಕುಟುಂಬ ಯೋಜನೆಯ ಐದು ಪೈಸೆಯ ಸ್ಟ್ಯಾಂಪಿನ ಮೇಲೆಯೇ ರಬ್ಬರಿನ ಮುದ್ರೆ ಒತ್ತಿ ಮಾರಿದೆವು. ಆ ಸ್ಟ್ಯಾಂಪು ಇಲ್ಲದೆ ಬಂದ ಕಾಗದಕ್ಕೆ ಕರಿ ಮುದ್ರೆ ಬೀಳುತ್ತಿತ್ತು. ಅಂಥದ್ದನ್ನು ಬಿಡಿಸಿಕೊಳ್ಳುವವನು ಎರಡರಷ್ಟು ದಂಡ ಕೊಡಬೇಕು. ಕೊಡಲೊಲ್ಲೆ ಎಂದರೆ ಕಾಗದ ಬರೆದವನಿಗೆ ವಾಪಸು.

ಮೊದಲ ದಿನ ಕೌಂಟರಿಗೆ ಬಂದು ಎಲ್ಲರ ಎದುರಿಗೆ ಒಂದು ಹಾಳೆ ತುಂಬ ಸ್ಟ್ಯಾಂಪು ಕೊಂಡವನು ಈ ಸಾಹುಕಾರನೇ. ಪೇಟೆಯಲ್ಲಿ ಅವನದು ಬೀಜ, ಗೊಬ್ಬರದ ಅಂಗಡಿ. ಒಂದು ಪಕ್ಷದ ತಾಲೂಕು ಮುಖಂಡ, ಭಾಷಣಕ್ಕೆ ನಿಂತರೆ ಬಸ್‌ಸ್ಟ್ಯಾಂಡಿನ ಜನ ಬಸ್ಸು ಬಿಟ್ಟು ಕೇಳುತ್ತಿದ್ದರು. ನಿರಾಶ್ರಿತರಿಗೆಂದು ಕಂಬಳಿ ಎತ್ತಿಸಿ, ಬಾಜಾ ಬಾರಿಸುತ್ತ ಲಾರಿಯಲ್ಲಿ ಮೆರವಣಿಗೆ ಮಾಡಿದ. "ಅವರು ಬ್ಯಾರೆಯವರಲ್ಲರಿ, ನಮ್ಮ ರಕ್ತ. ನಮ್ಮ ತಾಟಿನ್ಯಾಗಿನ ಅರ್ಧಾ ರೊಟ್ಟಿ ಅವರದು," ಎಂದು ಮೈಕಿನ ಮುಂದೆ ಕಣ್ಣೊರೆಸಿಕೊಂಡ. ನನ್ನ ಕಣ್ಣೂ ತುಂಬಿತ್ತು. ಸುಳ್ಳು ಹೇಳುವುದಿಲ್ಲ.

ಅದೇ ವೇದಿಕೆಯ ಮೇಲೆ ಅವನು ಕೈಹಿಡಿದು ನಿಲ್ಲಿಸಿದ್ದು ಒಬ್ಬ ಬಂಗಾಳದ ಬಡಗಿಯನ್ನು. ಹಿಂದಿನ ವರ್ಷವೇ ಬಂದು, ರಾಯಚೂರು ಸೀಮೆಯ ಪುನರ್ವಸತಿ ಕ್ಯಾಂಪಿನಲ್ಲಿದ್ದು, ಅಲ್ಲಿ ಹೊಟ್ಟೆ ತುಂಬದೆ ಹೆಂಡತಿಯೊಡನೆ ಸಿಂದಗಿಗೆ ಬಂದು ಬಸ್‌ಸ್ಟ್ಯಾಂಡಿನ ಹಿಂದೆ ಎತ್ತಿನ ಗಾಡಿ ಮಾಡುವವನ ಹತ್ತಿರ ಕೆಲಸಕ್ಕೆ ನಿಂತಿದ್ದ. ಗಾಲಿಯ ಅರ ಕೂಡಿಸುವುದರಲ್ಲಿ ಅವನ ಕೈ ನೋಡಬೇಕಿತ್ತು. ಕನ್ನಡ ಬಾರದು, ಮುರುಕು ಹಿಂದಿ. ನಾನು ಮುಸಲ್ಮಾನ, ಮನೆಯಲ್ಲಿ ಕನ್ನಡದ ಜೊತೆ ದಖನಿ ಉರ್ದೂವೂ ನಡೆಯುತ್ತಿತ್ತು. ಹೀಗಾಗಿ ಊರಿನಲ್ಲಿ ಅವನು ಬಾಯಿಬಿಟ್ಟು ಮಾತಾಡುತ್ತಿದ್ದುದು ನನ್ನೊಡನೆ ಮಾತ್ರ.

ಅವನಿಗೆ ಬೇಕಾಗಿದ್ದು ಕಂಬಳಿಯಲ್ಲ, ತಮ್ಮ. ಹದಿನೆಂಟರ ಹುಡುಗ ಬಂಗಾಳದ ಊರಲ್ಲೇ ಉಳಿದಿದ್ದ. ಗಲಾಟೆಯಲ್ಲಿ ಊರು ಸುಟ್ಟಿತು, ತಮ್ಮ ಗಡಿ ದಾಟಿದ ಎಂದು ಯಾರೋ ಹೇಳಿದ್ದರು. ಯಾವ ಶಿಬಿರದಲ್ಲಿದ್ದಾನೋ ಗೊತ್ತಿಲ್ಲ. ವೃತ್ತಪತ್ರಿಕೆಯಲ್ಲಿ ಬಂದ ಶಿಬಿರಗಳ ಹೆಸರನ್ನೆಲ್ಲ ನಾನು ಕತ್ತರಿಸಿಟ್ಟುಕೊಂಡು, ಒಂದೊಂದಕ್ಕೂ ಇಂಗ್ಲಿಷಿನಲ್ಲಿ ಕಾರ್ಡು ಬರೆಯತೊಡಗಿದೆ. ಹೆಸರು, ತಂದೆಯ ಹೆಸರು, ಊರು, ಎಡ ಹುಬ್ಬಿನ ಮೇಲೆ ಉಳಿ ತಾಗಿದ ಗಾಯದ ಗುರುತು.

ಉತ್ತರಕ್ಕೆ ವಿಳಾಸ ಯಾವುದು ಕೊಡಬೇಕು ಎಂಬ ಪ್ರಶ್ನೆ ಬಂತು. ಬಡಗಿ ಇದ್ದದ್ದು ಎಣ್ಣೆ ಗಾಣದ ಹಿಂದಿನ ತಗಡಿನ ಶೆಡ್ಡಿನಲ್ಲಿ, ಅದಕ್ಕೆ ನಂಬರಿಲ್ಲ. ಅಂಚೆ ಕಚೇರಿಯಲ್ಲೇ ಇಟ್ಟುಕೊಳ್ಳಿ ಎಂದು ಬರೆಸಬಹುದಿತ್ತು. ಆದರೆ ಹಾಗೆ ಬಂದ ಕಾಗದವನ್ನು ಎರಡು ವಾರಕ್ಕಿಂತ ಹೆಚ್ಚು ಇಡುವಂತಿರಲಿಲ್ಲ, ಬಡಗಿ ಗಾಡಿ ಕೆಲಸಕ್ಕೆಂದು ಹಳ್ಳಿಗಳಿಗೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಸಾಹುಕಾರ ಕೌಂಟರಿನಲ್ಲಿ ಇದನ್ನು ಕೇಳಿಸಿಕೊಂಡ. "ನನ್ನ ಅಂಗಡಿ ವಿಳಾಸ ಹಾಕ್ರಿ ಸಾಹೇಬ್ರ. ನನ್ನ ಹೆಸರಿಗಿ ಬಂದ ಟಪಾಲು ಎಂದೂ ತಪ್ಪಿಲ್ಲ," ಎಂದ. ನಾನು ಪ್ರತಿ ಕಾರ್ಡಿನ ಮೇಲೂ ಬಡಗಿಯ ಹೆಸರಿನ ಕೆಳಗೆ 'ಕೇರಾಫ್' ಎಂದು ಬರೆದು ಅವನ ಹೆಸರು ಹಾಕಿದೆ. ನನ್ನ ಕೈಯಾರೆ, ನನ್ನ ಚೆಂದದ ಅಕ್ಷರದಲ್ಲಿ.

ಡಿಸೆಂಬರಿನಲ್ಲಿ ಯುದ್ಧ ಶುರುವಾಗಿ ಮುಗಿಯಿತು. ಹೊಸ ವರ್ಷ ಹುಟ್ಟಿದ ಮೇಲೆ ಶಿಬಿರಗಳನ್ನು ಒಂದೊಂದಾಗಿ ಮುಚ್ಚಿ ಜನರನ್ನು ಗಡಿಯಾಚೆ ಕಳಿಸುತ್ತಾರೆ ಎಂಬ ಸುದ್ದಿ ಬಂತು. ಬಡಗಿ ಆ ಸುದ್ದಿಯನ್ನು ನನ್ನಿಂದ ಎರಡು ಸಲ ಓದಿಸಿಕೊಂಡ. ಊರು ಸುಟ್ಟಿದೆ, ಮನೆಯವರು ಯಾರೂ ಇಲ್ಲ. ತಮ್ಮ ಒಮ್ಮೆ ಆ ಕಡೆ ಹೋದರೆ ಹುಡುಕಲು ಒಂದು ವಿಳಾಸವೂ ಉಳಿಯುವುದಿಲ್ಲ. ಶಿಬಿರ ಮುಚ್ಚುವುದರೊಳಗೆ ಅವನು ಎಲ್ಲಿದ್ದಾನೆಂದು ಗೊತ್ತಾಗಬೇಕು, ಅಷ್ಟೆ. ಹಳ್ಳಿಗಳಿಗೆ ಹೋಗುವುದನ್ನು ಬಿಟ್ಟು ದಿನಾ ಕೌಂಟರಿಗೆ ಬಂದು "ದಾದಾ, ಚಿಟ್ಠಿ?" ಎಂದು ಒಂದೇ ಮಾತು ಕೇಳುತ್ತಿದ್ದ. ಆಮೇಲೆ ಸಾಹುಕಾರನ ಅಂಗಡಿಗೆ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದ.

ಇದೇ ಹೊತ್ತಿಗೆ ವಿಧಾನಸಭೆಯ ಚುನಾವಣೆ ಬಂತು, ಸಾಹುಕಾರ ಉಮೇದುವಾರನಾಗಿ ನಿಂತ. ಬಡಗಿಗೂ ಕ್ಯಾಂಪಿನಿಂದ ಬಂದ ಇನ್ನೆರಡು ಸಂಸಾರಗಳಿಗೂ ಊರ ಹೊರಗಿನ ಗಾಯರಾಣದಲ್ಲಿ ಮನೆ ಕಟ್ಟಲು ಜಾಗ ಕೊಡುವ ಮಾತು ತಾಲೂಕು ಕಚೇರಿಯಲ್ಲಿ ನಡೆದಿತ್ತು. ದನ, ಕುರಿ ಮೇಯುವ ಸಾರ್ವಜನಿಕ ಜಾಗ ಅದು. ಕುರುಬರು ಅದಕ್ಕೆ ತಕರಾರು ಮಾಡಿರಲಿಲ್ಲ, ಬಡಗಿಯ ಹೆಂಡತಿಗೆ ದಿನಾ ಮಜ್ಜಿಗೆ ಕೊಟ್ಟುಹೋಗುತ್ತಿದ್ದವರೇ ಅವರು. ಸಾಹುಕಾರ ಹತ್ತಿರದ ಹಳ್ಳಿ ಯಂಕಂಚಿಯಲ್ಲಿ ಮಾಡಿದ ಭಾಷಣವನ್ನು ನಾನೇ ನಿಂತು ಕೇಳಿದೆ.

"ಯುದ್ಧ ಮುಗಿತು, ಅವರ ದೇಶ ಅವರಿಗಿ ಸಿಕ್ತು. ಮತ್ತ ಇವರು ಇಲ್ಲ್ಯಾಕ ಅದಾರ? ನಿಮ್ಮ ಕಾಗದದ ಮ್ಯಾಲಿನ ಐದ ಪೈಸಾ ಇನ್ನೂ ಯಾಕ ತಗೊಳ್ಳಾಕತ್ತಾರ? ಇವತ್ತ ಮೂರ ಮನಿ, ನಾಳಿ ಮುನ್ನೂರ. ನಿಮ್ಮ ಕುರಿ ಎಲ್ಲಿ ಮೇಯಸ್ತೀರಿ? ಅವರ ಹೆಂಗಸರ ಕೈ ನೋಡೀರೇನು? ಎಲುಬಿನ ಬಳಿ ಹಾಕ್ಕೋತಾರ. ಹೆಸರು ನಮ್ಮವ ಇಟ್ಕೊಂಡಾರ, ಒಳಗ ಯಾರ ಅದಾರ ಯಾರಿಗ್ಗೊತ್ತು. ಪೋಸ್ಟಿನ್ಯಾಗ ಒಬ್ಬಾವ ಅದಾನ, ಅವಗ ಮಾತ್ರ ಅವರ ಭಾಷಾ ತಿಳೀತೈತಿ. ಯಾಕ ತಿಳೀತೈತಿ?"

ಅದು ಎಲುಬಲ್ಲ, ಶಂಖದ ಬಳೆ. ಅವರಲ್ಲಿ ಮುತ್ತೈದೆಯರು ತೊಡುವುದು. ಕಂಬಳಿ ಮೆರವಣಿಗೆಯ ದಿನ ಇದೇ ಸಾಹುಕಾರ ಆ ಬಳೆ ತೋರಿಸಿ, ನೋಡ್ರಿ ಎಂಥಾ ಪವಿತ್ರ ಶಂಖ ಎಂದು ಹೊಗಳಿದ್ದ. ಹೇಳಿದ ಬಾಯಿ ಅದೇ, ಕೇಳಿದ ಕಿವಿಗಳು ಅವೇ. ಮೂರು ತಿಂಗಳಲ್ಲಿ ಶಂಖ ಎಲುಬಾಯಿತು. ದೂರ ಇದ್ದಾಗ ನಿರಾಶ್ರಿತ ಅವನ ಭಾಷಣಕ್ಕೆ ಬೇಕಾಗಿದ್ದ, ಹತ್ತಿರ ಬಂದಾಗ ಅವನ ಓಟಿಗೆ ಬೇಕಾದ, ಒಂದು ಸಲ ತಬ್ಬಿಕೊಳ್ಳಲು, ಇನ್ನೊಂದು ಸಲ ತುಳಿಯಲು. ಬಡಗಿ ಮಾತ್ರ ಎರಡೂ ಸಲ ಅದೇ ಬಡಗಿಯಾಗಿದ್ದ.

ಕುರುಬರ ಮಜ್ಜಿಗೆ ನಿಂತಿತು. ಗಾಡಿ ಮಾಡುವವನು ಬಡಗಿಯ ಉಳಿ, ಬಾಚಿ ಚೀಲಕ್ಕೆ ಹಾಕಿ ಹೊರಗಿಟ್ಟ. ನಾನು ಜಗಳಕ್ಕೆ ಹೋದೆ.

"ಅವನಂಥಾ ಕೈ ನನ್ನ ಮಗಗೂ ಇಲ್ರಿ ಸಾಹೇಬ್ರ," ಎಂದ ಅವನು ನೆಲ ನೋಡುತ್ತ. "ಆದ್ರ ಅವ ಮಾಡಿದ ಗಾಲಿ ಯಾರೂ ಒಯ್ಯೂದಿಲ್ಲ ಅಂತಾರ. ನಾ ಏನ ಮಾಡ್ಲಿ ಹೇಳ್ರಿ."

ಆರು ವರ್ಷದಿಂದ ನನಗೆ ಚಹಾ ಕೊಡುತ್ತಿದ್ದ ಹೋಟೆಲಿನವನು ಒಂದು ದಿನ ಬಶಿ ಕೆಳಗಿಡುತ್ತ ಕೇಳಿದ: "ಸಾಹೇಬ್ರ, ಒಂದ ಮಾತು. ನಿಮ್ಮ ಮೂಲ ಊರ ಯಾವುದ್ರಿ?" ನಮ್ಮಜ್ಜನ ಅಜ್ಜನ ಗೋರಿ ಝಳಕಿಯಲ್ಲಿದೆ. ಚಹಾ ಬಿಟ್ಟು ಎದ್ದೆ. ಅವತ್ತಿನಿಂದ ಆ ಹೋಟೆಲಿನ ಮೆಟ್ಟಿಲು ಹತ್ತಲಿಲ್ಲ.

ನಾನು ಮಾಡಬೇಕಾಗಿದ್ದ ಕೆಲಸ ಒಂದೇ ಇತ್ತು. ಕೇರಾಫ್ ಎಂದು ಬಂದ ಕಾಗದ ಕಾಯ್ದೆಯ ಪ್ರಕಾರ ಆ ಕೇರಾಫಿನವನ ಕೈಗೇ ಹೋಗಬೇಕು. ಅದನ್ನು ತಪ್ಪಿಸಲು ಬಡಗಿ ಮರುವಿಳಾಸದ ಅರ್ಜಿ ಕೊಡಬೇಕು. ಅರ್ಜಿ ತುಂಬಿಸಿ, ಅವನ ಬಂಗಾಳಿ ಸಹಿ ಹಾಕಿಸಿ ಪೋಸ್ಟ್ ಮಾಸ್ತರರ ಮುಂದಿಟ್ಟೆ. ಅವರು ನಿವೃತ್ತಿಗೆ ಹತ್ತಿರವಾಗಿದ್ದ, ಯಾರ ಉಸಾಬರಿಯೂ ಬೇಡವೆನ್ನುವ ಮನುಷ್ಯ.

"ಇದ ಸಹಿನೋ ಚಿತ್ರಾನೋ ನನಗ ಹ್ಯಾಂಗ ತಿಳೀಬೇಕು? ಊರಾಗಿನ ಇಬ್ಬರ ಸಾಕ್ಷಿ ಹಾಕಸ್ರಿ. ನಿಮ್ಮದ ಬ್ಯಾಡ, ನೀವು ನೌಕರರು," ಎಂದರು.

ಸಾಕ್ಷಿ ಹಾಕುವವರು ಸಿಗುವುದು ಆ ವಾರ ಕಷ್ಟವಿತ್ತು, ಆದರೆ ಸಿಗದೇ ಇರುತ್ತಿರಲಿಲ್ಲ. ಝಳಕಿಗೆ ಹೋಗಿದ್ದರೆ ನಮ್ಮ ಹಳೆಯ ಸಾಲಿ ಮಾಸ್ತರರು ಕಣ್ಣುಮುಚ್ಚಿ ಹಾಕುತ್ತಿದ್ದರು. ಹೊರಡಬೇಕೆಂದಿದ್ದೆ. ಅಷ್ಟರಲ್ಲಿ ಸಾಹುಕಾರ ತಾನಾಗಿಯೇ ನನ್ನ ಬಲೆಗೆ ಬಂದು ಬಿದ್ದ.

ಐದು ಪೈಸೆಯ ಸ್ಟ್ಯಾಂಪು ಯಾರೂ ಹಚ್ಚಬಾರದು ಎಂದು ಅವನು ಕರೆ ಕೊಟ್ಟಿದ್ದ. ಅದಕ್ಕೆ ಸರಿಯಾಗಿ ತನ್ನ ಚುನಾವಣೆಯ ವಿನಂತಿ ಪತ್ರಗಳನ್ನು, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ತನ್ನ ಬಳಗಕ್ಕೆ, ಸಿಂದಗಿ ತಾಲೂಕಿನ ಹಳ್ಳಿಹಳ್ಳಿಯ ಹಿರಿಯರಿಗೆ, ಒಂದಕ್ಕೂ ಪರಿಹಾರದ ಸ್ಟ್ಯಾಂಪು ಹಚ್ಚದೆ, ಎರಡು ಗೋಣಿಚೀಲ ತುಂಬ ತಂದು ಸುರುವಿಸಿದ. ಇಂಥದ್ದಾದಾಗ ಕಳಿಸುವವನನ್ನು ಕರೆದು, ಹೀಗೆ ಹೋದರೆ ಪಡೆಯುವವರಿಗೆ ದಂಡ ಬೀಳುತ್ತದೆ ಎಂದು ಹೇಳುವುದು ನಮ್ಮಲ್ಲಿ ಪದ್ಧತಿ. ಯಾವ ಪುಸ್ತಕದಲ್ಲೂ ಬರೆದಿಲ್ಲದ ಸೌಜನ್ಯ ಅದು. ನಾನು ಕರೆಯಲಿಲ್ಲ.

ಅಂಗಿಯ ತೋಳು ಮಡಚಿ ಕೂತೆ. ದಂಡದ ಕರಿ ಮುದ್ರೆ ಕೈಯಲ್ಲಿ ಹಿಡಿದು, ಮಸಿಯ ದಿಂಬಿಗೊಮ್ಮೆ ಲಕೋಟೆಗೊಮ್ಮೆ, ಒಂದೊಂದನ್ನೂ ಒತ್ತಿದೆ. ಇಷ್ಟು ಮನಸ್ಸಿಟ್ಟು ನಾನು ಎಂದೂ ಕೆಲಸ ಮಾಡಿಲ್ಲ. ಪ್ರತಿ ಪೆಟ್ಟಿಗೂ ಇದು ಎಲುಬಿನ ಬಳೆಗೆ, ಇದು ಹೋಟೆಲಿನ ಬಶಿಗೆ, ಇದು ಹೊರಗಿಟ್ಟ ಬಾಚಿಗೆ ಎಂದು ಬಾಯಲ್ಲೇ ಅಂದುಕೊಂಡೆ. ಮೂರು ದಿನ ಇದೇ ನಡೆಯಿತು. ಆ ಮೂರು ದಿನ ಬೆಳಗಿನ ಚೀಲವನ್ನು ನಾನು ಬಿಚ್ಚಲಿಲ್ಲ, ಜೊತೆಯ ಗುಮಾಸ್ತನಿಗೆ ವಹಿಸಿದೆ. ಝಳಕಿಗೂ ಹೋಗಲಿಲ್ಲ. ಮರುವಿಳಾಸದ ಅರ್ಜಿ ನನ್ನ ಟೇಬಲ್ಲಿನ ಖಾನೆಯಲ್ಲಿ ಬಿದ್ದಿತ್ತು.

ನಾನು ಎಣಿಸಿದಂತೆಯೇ ಆಯಿತು. ಸಾಹುಕಾರನ ಅಭಿಮಾನಿಗಳೇ ದಂಡ ಕೊಡಲೊಲ್ಲೆವೆಂದು ಪತ್ರಗಳನ್ನು ತಿರಸ್ಕರಿಸಿದರು. ಮುದ್ದೇಬಿಹಾಳದ ಚೀಲದಲ್ಲಿ ಒಂದು ಕಟ್ಟು, ಇಂಡಿಯ ಚೀಲದಲ್ಲಿ ಇನ್ನೊಂದು, ದಿನಾ ವಾಪಸು ಬಂದವು. ಎರಡು ವಾರ ಹಬ್ಬವಾದಂತಿತ್ತು ನನಗೆ. ಬಡಗಿ ಬಂದು "ದಾದಾ, ಚಿಟ್ಠಿ?" ಎಂದಾಗ, ಇನ್ನೂ ಇಲ್ಲ, ಆದರೆ ನಿನ್ನ ಲೆಕ್ಕ ತೀರಿಸುತ್ತಿದ್ದೇನೆ ನೋಡು ಎಂದು ಆ ಕಟ್ಟುಗಳನ್ನು ತೋರಿಸಿದೆ. ಅವನು ನೋಡಿದ. ಸಾಹುಕಾರನ ಅಂಗಡಿಯ ಕಡೆ ನಡೆದ. ತನ್ನ ಲೆಕ್ಕ ಯಾವುದೆಂದು ಅವನಿಗೆ ಗೊತ್ತಿತ್ತು, ನಾನು ಮರೆತಿದ್ದೆ.

ವಾಪಸು ಬಂದ ಕಟ್ಟುಗಳನ್ನು ಸಾಹುಕಾರನಿಗೆ ಮುಟ್ಟಿಸುವುದು ಪೋಸ್ಟಮನ್ನನ ಕೆಲಸ. ಅವನ ಕೈಯಿಂದ ಕಿತ್ತುಕೊಂಡು ನಾನೇ ಹೋದೆ. ಮುಖ ನೋಡುವ ಆಸೆ.

"ಸಾವಕಾರ್ರ, ನಿಮ್ಮ ಕಾಗದ ತಿರಿಗಿ ಬಂದಾವ್ರಿ."

"ಯಾಕ ಬಂದಾವು?"

"ನಿಮ್ಮ ಮಂದಿ ಬ್ಯಾಡ ಅಂದ್ರಂತರಿ. ಈಗ ದಂಡ ನೀವು ಕೊಡಬೇಕು."

ಅವನ ಮುಖ ಕಪ್ಪಾಯಿತು. ಕಟ್ಟು ಬಿಚ್ಚಿ ಒಂದೊಂದೇ ಲಕೋಟೆ ಎತ್ತಿ ಹೆಸರು ಓದತೊಡಗಿದ. ನಾನು ಅದನ್ನು ಸವಿಯುತ್ತ ನಿಂತು ಸುತ್ತ ಕಣ್ಣಾಡಿಸಿದೆ. ಗಾದಿಯ ಮೇಲ್ಗಡೆ ತೊಲೆಯಿಂದ ಒಂದು ಕೊಕ್ಕೆಯ ತಂತಿ ಇಳಿಬಿದ್ದಿತ್ತು. ಪೇಟೆಯ ಅಂಗಡಿಗಳಲ್ಲೆಲ್ಲ ಇರುವಂಥದ್ದೇ. ಬಂದ ಕಾಗದ, ಪಾವತಿ, ಚೀಟಿ ಎಲ್ಲವನ್ನೂ ಓದಿ ಅದಕ್ಕೆ ಚುಚ್ಚುವುದು ವ್ಯಾಪಾರಸ್ಥರ ರೂಢಿ. ಗೊಬ್ಬರದ ಪಾವತಿಗಳ ನಡುವೆ ಒಂದು ಕಾರ್ಡಿನ ಅಂಚು ಹೊರಗೆ ಬಂದಿತ್ತು. ಅದರ ಮೇಲೆ ಇಂಗ್ಲಿಷಿನ ದುಂಡು ಮುದ್ರೆ. ಯಾರನ್ನೂ ಕೇಳದೆ ತಂತಿ ಇಳಿಸಿದೆ.

ಶಿಬಿರಗಳಿಂದ ಬಂದ ಕಾರ್ಡು ಮೂರಿದ್ದವು. ಎರಡರಲ್ಲಿ ಇಂಥವನು ಇಲ್ಲಿಲ್ಲ ಎಂದಿತ್ತು. ಮೂರನೆಯದರಲ್ಲಿ, ಇದ್ದಾನೆ, ಹುಬ್ಬಿನ ಮೇಲೆ ಗುರುತಿದೆ, ಈ ಶಿಬಿರ ಇಂಥ ತಾರೀಖಿಗೆ ಮುಚ್ಚುತ್ತದೆ, ಅದರೊಳಗೆ ಸಂಬಂಧಿಕರು ಟೆಲಿಗ್ರಾಂ ಕೊಟ್ಟರೆ ಇಲ್ಲೇ ಉಳಿಸಿಕೊಳ್ಳಲಾಗುವುದು ಎಂದಿತ್ತು. ಕೆಳಗೆ ಬಂಗಾಳಿಯಲ್ಲಿ ಎರಡು ಸಾಲು, ಎಳೆಯ ಕೈ. ಕಾರ್ಡಿನ ನಟ್ಟನಡುವೆ ತೂತು. ಆ ತಾರೀಖು ಹೋಗಿ ನಾಲ್ಕು ದಿನವಾಗಿತ್ತು.

ಹೊರಳಿಸಿ ನಮ್ಮ ಕಚೇರಿಯ ಮುದ್ರೆ ನೋಡಿದೆ. ಮೂರೂ ಬಂದದ್ದು ನಾನು ಕರಿ ಮುದ್ರೆ ಒತ್ತುತ್ತ ಕೂತ ದಿನಗಳಲ್ಲೇ, ಈ ಕಾರ್ಡು ಎರಡನೆಯ ದಿನ. ನಾನು ಚೀಲ ಬಿಚ್ಚಿದ್ದರೆ ಮೊದಲು ನನ್ನ ಕೈಗೇ ಬರುತ್ತಿತ್ತು.

"ಇದನ್ನ ಯಾಕ ಕೊಡಲಿಲ್ಲ?" ಎಂದು ಕಾರ್ಡನ್ನು ಅವನ ಮುಖದ ಮುಂದೆ ಹಿಡಿದೆ.

ಸಾಹುಕಾರ ಲಕೋಟೆಗಳಿಂದ ತಲೆ ಎತ್ತಿದ. "ಒಗದಿಲ್ಲ ನೋಡ್ರಿ, ಇಟ್ಟೇವಿ. ಬಂದ ಟಪಾಲು ಹರಿಯೂದು ನಮ್ಮ ಮನೆತನದಾಗ ಇಲ್ಲ. ಕೇಳಾಕ ಬಂದಿದ್ರ ಕೊಡತಿದ್ದಿವಿ."

"ದಿನಾ ಬಂದು ಬಾಗಲದಾಗ ನಿಂತಾನಲ್ರಿ."

"ನಿಂತ್ರ ನಿಂತಿರಬೇಕು. ಬಾಯಿ ಬಿಟ್ಟ ಕೇಳಬೇಕು ಮನಶಾ. ಕನ್ನಡದಾಗ ಕೇಳಬೇಕು."

ಓಡಿಹೋಗಿ ಟೆಲಿಗ್ರಾಂ ಕೊಟ್ಟೆ. ಪೋಸ್ಟ್ ಮಾಸ್ತರರು ಅವತ್ತು ಸಾಕ್ಷಿ ಕೇಳಲಿಲ್ಲ. ಮೂರನೆಯ ದಿನ ಉತ್ತರ ಬಂತು: ಶಿಬಿರ ಖಾಲಿಯಾಗಿದೆ, ಎಲ್ಲರನ್ನೂ ಗಡಿಯಾಚೆ ಕಳಿಸಲಾಗಿದೆ, ಮುಂದಿನ ವಿಳಾಸವಿಲ್ಲ.

ಬಡಗಿಗೆ ಕಾರ್ಡು ಕೊಟ್ಟೆ. ಬಂಗಾಳಿಯ ಎರಡು ಸಾಲನ್ನು ಅವನು ಓದಿಕೊಂಡ. ಏನು ಬರೆದಿದ್ದಾನೆ ಎಂದು ಕೇಳಿದೆ. "ದಾದಾ, ಜಲ್ದಿ ಬಾ, ಅಂತ," ಎಂದ. ಊರಿನಲ್ಲಿ ಅವನು ಕಲಿತ ಕನ್ನಡವೆಲ್ಲ ಆ ಮಾತಿನಲ್ಲಿತ್ತು. ಚೀಲ ಬಿಚ್ಚದ ಮೂರು ದಿನದ ಮಾತನ್ನು ನಾನು ಅವನಿಗೆ ಹೇಳಿದೆ. ಅವನು ನನ್ನ ಭುಜದ ಮೇಲೆ ಕೈಯಿಟ್ಟ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ವಾರದೊಳಗೆ ಹೆಂಡತಿಯನ್ನು ಕರೆದುಕೊಂಡು, ಬಾಚಿ ಉಳಿಯ ಚೀಲ ಹೊತ್ತು ಬಸ್ಸು ಹತ್ತಿದ. ಎಲ್ಲಿಗೆ ಎಂದು ಕೇಳಿದರೆ ಕೈಯನ್ನು ಮೂಡಲಕ್ಕೆ ಬೀಸಿದ.

ಸಾಹುಕಾರ ಚುನಾವಣೆಯಲ್ಲಿ ಸೋತ. ನನ್ನ ಕರಿ ಮುದ್ರೆಯಿಂದಲೇ ಸೋತ ಎಂದರೆ ಸುಳ್ಳಾಗುತ್ತದೆ. ಆದರೂ ಅವತ್ತು ನಾನು ಪೇಢೆ ತಂದು ಕಚೇರಿಯಲ್ಲಿ ಹಂಚಿದೆ.

ಮೂರು ವರ್ಷದ ಮೇಲೆ ತುರ್ತು ಪರಿಸ್ಥಿತಿ ಬಂತು. ವಿರೋಧ ಪಕ್ಷದವನೆಂದು ಸಾಹುಕಾರನನ್ನೂ ಹಿಡಿದು ಜೈಲಿಗೆ ಹಾಕಿದರು. ನಾನು ಆಗಲೂ ಸಿಂದಗಿಯಲ್ಲಿದ್ದೆ, ಬೆಳಗಿನ ಚೀಲವನ್ನು ಇನ್ನೊಬ್ಬರಿಗೆ ಬಿಡುವುದನ್ನು ಬಿಟ್ಟಿದ್ದೆ. ಅವನ ಹೆಂಡತಿ ಮೊದಲ ಸಲ ಕೌಂಟರಿಗೆ ಬಂದು ಸೆರಗು ಹೊದ್ದು ನಿಂತಳು. "ಅಣ್ಣಾರ, ನಮ್ಮ ಮನಿಯವರ ಪತ್ರ ಬಂದೈತೇನ್ರಿ?" ಎಂದಳು. ಆಮೇಲೆ ದಿನಾ ಬಂದಳು. ಎಲ್ಲಿದ್ದಾನೆ, ಹೇಗಿದ್ದಾನೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಚೀಲದಿಂದ ಜೈಲಿನ ಮುದ್ರೆಯ ಕಾರ್ಡು ಬಿತ್ತು. ಆರೋಗ್ಯ ಸರಿಯಿದೆ, ಇಂಥ ಜೈಲಿನಲ್ಲಿದ್ದೇನೆ, ಬಂದು ನೋಡಲು ಅರ್ಜಿ ಹಾಕು ಎಂದಿತ್ತು. ಖಾನೆಯಲ್ಲಿಟ್ಟೆ. ಹತ್ತು ಗಂಟೆಗೆ ಅವಳು ಬಂದಳು.

"ಬಂದಿಲ್ರಿ," ಎಂದೆ.

"ಹೌದ್ರಿ," ಎಂದು ಮೆಟ್ಟಿಲಿಳಿದಳು. ಥೇಟು ಬಡಗಿಯ ನಡಿಗೆ. ಎರಡು ವಾರ ಇಟ್ಟುಕೊಳ್ಳಬೇಕೆಂದಿದ್ದೆ, ಅದಕ್ಕಾಗಿಯೇ ಮೂರು ವರ್ಷ ಕಾದಿದ್ದೆ. ಅವಳು ಗೇಟು ದಾಟುವ ಹೊತ್ತಿಗೆ ನನಗೆ ಬಡಗಿಯ ಕೈ ಭುಜದ ಮೇಲೆ ಬಿದ್ದಂತಾಯಿತು, ಇಟ್ಟುಕೊಳ್ಳಲಾಗಲಿಲ್ಲ. ಆದರೆ ಹಾಗೇ ಕೊಡುವುದಕ್ಕೂ ಆಗಲಿಲ್ಲ. ನಮ್ಮ ಟೇಬಲ್ಲಿನ ಮೇಲೂ ರಸೀತಿ ಚುಚ್ಚುವ ತಂತಿಯಿತ್ತು. ಕಾರ್ಡನ್ನು ಅದರ ತುದಿಗೆ ಹಿಡಿದು ನಟ್ಟನಡುವೆ ಒತ್ತಿ, ತೆಗೆದು, ಓಡಿಹೋಗಿ ಅವಳ ಕೈಗಿಟ್ಟೆ.

"ಇದೇನ್ರಿ ತೂತು?" ಎಂದಳು.

"ಇರಲಿ ಬಿಡ್ರಿ. ಅವರು ಬಂದ ಮ್ಯಾಲ ತೋರಸ್ರಿ."

ಆಮೇಲೆ ಬಂದ ಅವನ ಪ್ರತಿ ಕಾರ್ಡನ್ನೂ ಬಂದ ದಿನವೇ ಮುಟ್ಟಿಸಿದೆ, ಪ್ರತಿಯೊಂದಕ್ಕೂ ಅದೇ ಜಾಗದಲ್ಲಿ ಚುಚ್ಚಿ. ಇದು ಅಪರಾಧ. ನೌಕರಿ ಹೋಗುವಂಥದ್ದು. ಪಶ್ಚಾತ್ತಾಪ ಅವತ್ತೂ ಆಗಲಿಲ್ಲ, ಇವತ್ತೂ ಇಲ್ಲ.

ಬಿಡುಗಡೆಯಾದ ಮೇಲೆ ಸಾಹುಕಾರ ಒಂದು ಮಧ್ಯಾಹ್ನ ಕೌಂಟರಿಗೆ ಬಂದ. ಇಳಿದುಹೋಗಿದ್ದ. ಕೈಯಲ್ಲಿ ಕಾರ್ಡುಗಳ ಕಟ್ಟಿತ್ತು, ತೂತಿನಲ್ಲಿ ದಾರ ಪೋಣಿಸಿ ಕಟ್ಟಿದ್ದು. ಅದನ್ನು ನನ್ನ ಮುಂದಿಟ್ಟು, ಟೇಬಲ್ಲಿನ ಮೇಲಿನ ತಂತಿಯನ್ನೇ ನೋಡಿದ. ಬೈಯುತ್ತಾನೆ, ಮೇಲಿನವರಿಗೆ ಅರ್ಜಿ ಬರೆಯುತ್ತಾನೆ ಎಂದುಕೊಂಡೆ. ಎರಡಕ್ಕೂ ತಯಾರಿದ್ದೆ.

"ಆ ಬಡಗ್ಯಾ ಈಗ ಎಲ್ಲಿ ಅದಾನ್ರಿ ಸಾಹೇಬ್ರ?" ಎಂದ. "ಒಂದ ಕಾಗದ ಬರೀಬೇಕಂತೇನಿ."

ಅವನ ಹಿಂದೆ ಸಾಲಿನಲ್ಲಿ ನಿಂತಿದ್ದವರಿಗೆ ಮುಂದೆ ಬರಲು ಕೈ ಮಾಡಿದೆ.

"ವಿಳಾಸ ಬಿಟ್ಟ ಹೋಗಿಲ್ರಿ ಸಾವಕಾರ್ರ," ಎಂದೆ.